ಜೊತೆಗೆ ಕರೆತಂದ ರೋಗಿ

ಆ ಕಾಲೇಜಿನಲ್ಲಿ ಫಿಸಿಯೋಥೆರಪಿ ಸ್ನಾತಕೋತ್ತರ ಸೀಟಿಗೆ ಸಂದರ್ಶನ ಮಾಡುವ ರೀತಿಯೇ ಬೇರೆ. ಅಂಕಪಟ್ಟಿಯನ್ನು ಯಾರೂ ತಿರುವಿ ಹಾಕುವುದಿಲ್ಲ. ನೀವೇ ಚಿಕಿತ್ಸೆ ಕೊಟ್ಟ ಒಬ್ಬ ರೋಗಿಯನ್ನು ಕರೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಬೇಕು. ಎರಡು ವರ್ಷ ನಾನು ಕೆಲಸ ಮಾಡುವ ಕ್ಲಿನಿಕ್ಕಿನ ರೋಗಿಗಳನ್ನು ಕಾಡಿ ಬೇಡಿ ಕರೆದೊಯ್ದು ಬಂದ ದಾರಿಗೆ ಸುಂಕವಿಲ್ಲವೆಂಬಂತೆ ವಾಪಸ್ಸಾಗಿದ್ದೆ. ಮೂರನೆಯ ಸಲ ತಪ್ಪಿದರೆ ಮತ್ತೆ ಅರ್ಜಿ ಹಾಕುವಂತಿಲ್ಲ. ಹಾಗಾಗಿ ಅಪ್ಪನನ್ನೇ ಕರೆದುಕೊಂಡು ಹೋದೆ.

ಅಪ್ಪ ಗೋಡೆಗೆ ಬಣ್ಣ ಹೊಡೆಯುತ್ತಿದ್ದವನು. ಪಾರ್ಶ್ವವಾಯು ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತು ಉಳಿದಿತ್ತು, ಮತ್ತೆ ಏಣಿ ಹತ್ತುವ ಆಸೆಯೂ ಉಳಿದಿತ್ತು. ಅವನನ್ನು ಎಬ್ಬಿಸಿ ನಡೆಸಿದ್ದು ನಾನೇ. ಅದು ಸುಳ್ಳಲ್ಲ. ಜೊತೆಗೆ ಬಾಗಿಲ ಚೌಕಟ್ಟಿಗೆ ರಾಟೆ ಸಿಕ್ಕಿಸಿ, ಹಗ್ಗದ ಒಂದು ತುದಿಯನ್ನು ಬಿದ್ದ ಕೈಗೆ ಕಟ್ಟಿ, ಇನ್ನೊಂದನ್ನು ಒಳ್ಳೆಯ ಕೈಗೆ ಕೊಟ್ಟು ದಿನಕ್ಕೆ ನೂರು ಸಲ ಎಳೆಸುತ್ತಿದ್ದೆ.

"ಭುಜ ಸೀಳ್ತಾ ಇದೆ ಕಣೆ" ಅನ್ನುತ್ತಿದ್ದ.

"ನೋಯ್ಲಿ ಬಿಡು. ನೋಯದೆ ಯಾವುದೂ ಗುಣ ಆಗಲ್ಲ."

ಸತ್ವ ಹೋದ ಭುಜವನ್ನು ರಾಟೆಗೆ ಹಾಕಬಾರದು ಎಂದು ನಾನು ಓದಿರಲಿಲ್ಲವೇ? ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಕೈ ಮೇಲೇಳುವುದು ಕಣ್ಣಿಗೆ ಕಾಣುತ್ತಿತ್ತು. ತೋರಿಸಲು ನನಗೆ ಬೇಕಾಗಿದ್ದದ್ದೂ ಅದೇ.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ಇಬ್ಬರು ಬರೆದುಕೊಳ್ಳಲು, ಒಬ್ಬರು ಹೆದರಿಸಲು. ಹೆದರಿಸುವವರು ಹಿರಿಯ ಮೇಡಂ. ಅಪ್ಪನನ್ನು ಗೋಡೆಯಿಂದ ಗೋಡೆಗೆ ನಡೆಸಿ ನೋಡಿ, "ನಡಿಗೆ ಚೆನ್ನಾಗಿ ತಂದಿದೀರಿ" ಎಂದರು. ನಾನು ಅರ್ಧ ಸೀಟು ಗೆದ್ದಂತೆಯೇ ಹಿಗ್ಗಿದೆ. ಆಮೇಲೆ ಅಂಗಿ ಬಿಚ್ಚಿಸಿ, ಭುಜದ ಕೆಳಗೆ ಬೆರಳಿಟ್ಟು, ಕೈಯನ್ನು ನಿಧಾನವಾಗಿ ಎತ್ತಿದರು. ಭುಜದ ಮಟ್ಟ ಮುಟ್ಟುವ ಮೊದಲೇ ಅಪ್ಪನ ಬಾಯಿಂದ ಒಂದು ಸದ್ದು ಬಂತು.

ಮೇಡಂ ನನ್ನ ಕಡೆ ತಿರುಗಿ, ಅಪ್ಪನಿಗೆ ತಿಳಿಯದ ನಮ್ಮ ಓದಿನ ಭಾಷೆಯಲ್ಲಿ, ಒಳಗೆ ಹರಿದಿದೆ, ಇದು ಇನ್ನು ಮೇಲೇಳುವ ಕೈಯಲ್ಲ ಎಂದರು. ಆಮೇಲೆ ಮಣಿಕಟ್ಟಿನ ಮೇಲಿದ್ದ ಹಗ್ಗದ ಗುರುತು ಮುಟ್ಟಿ, ಎಲ್ಲರಿಗೂ ತಿಳಿಯುವ ಹಾಗೆ ಕೇಳಿದರು: "ಇದನ್ನ ರಾಟೆಗೆ ಹಾಕಿದ್ದು ಯಾರು?"

ಬರೆಯುತ್ತಿದ್ದ ಇಬ್ಬರೂ ತಲೆ ಎತ್ತಿದರು.

"ನಾನೇ ಮೇಡಂ" ಅಂದ ಅಪ್ಪ. "ಇವಳು ಬೇಡ ಬೇಡ ಅಂತ ಬಡ್ಕೊಂಡ್ಲು. ಇವಳು ಕೆಲಸಕ್ಕೆ ಹೋದ್ಮೇಲೆ ಕದ್ದು ಎಳೀತಿದ್ದೆ."

"ಹೌದಾ?" ಎಂದರು ಮೇಡಂ ನನಗೆ.

"ಹೌದು" ಎನ್ನಲು ನನಗೆ ಹಿಡಿದದ್ದು ಒಂದು ಉಸಿರಿನ ಹೊತ್ತು. ಆ ಹೊತ್ತನ್ನೂ ಅವರು ಮಗಳ ಸಂಕಟ ಎಂದುಕೊಂಡರೋ ಏನೋ, ದನಿ ಮೆತ್ತಗಾಯಿತು.

"ಹಾಗಾದ್ರೆ ಇವರಿಗೆ ತಿಳಿಸಿ ಹೇಳಿ. ಮಗಳಾಗಿ ಅಲ್ಲ, ಥೆರಪಿಸ್ಟ್ ಆಗಿ. ನಾವು ಕೇಳ್ತೀವಿ."

ನಾನು ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತೆ.

"ನೋಡಿ, ನಿಮ್ಮ ಭುಜ ಹಿಡಿದಿಟ್ಕೊಳ್ಳೋ ಸ್ನಾಯುಗಳಿಗೆ ಶಕ್ತಿ ಇರಲಿಲ್ಲ. ಹೇಳಿದ ಮಾತು ಕೇಳದೆ ಎಳೆದೂ ಎಳೆದೂ ಹರ್ಕೊಂಡಿದೀರಿ. ಈ ಕೈ ಇನ್ನು ಮೇಲೆ ಹೋಗಲ್ಲ. ಬಣ್ಣದ ಕೆಲಸ ಮರೆತುಬಿಡಿ. ಯಾರನ್ನೂ ದೂರಬೇಡಿ, ನಿಮ್ಮ ಕೈಯಾರೆ ಮಾಡ್ಕೊಂಡಿದ್ದು."

ಹೇಳುತ್ತಾ ಹೇಳುತ್ತಾ ನನಗೆ ನಿಜವಾಗಿಯೂ ಸಿಟ್ಟು ಬಂತು. ಇವನಿಂದಲೇ ಸೀಟು ಕೈತಪ್ಪುತ್ತಿತ್ತಲ್ಲ ಎಂಬ ಸಿಟ್ಟು. ಬೆರಳು ತೋರಿಸಿ ಬೈದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಆಗ ಆಗಲಿಲ್ಲ.

ಅಪ್ಪ ತಲೆ ತಗ್ಗಿಸಿ, "ತಪ್ಪಾಯ್ತು ಮೇಡಂ" ಅಂದ. ಹಿರಿಯ ಮೇಡಂಗಲ್ಲ, ನನಗೆ.

"ಮನೆಯವರಿಗೇ ಇಷ್ಟು ಖಡಾಖಂಡಿತವಾಗಿ ಹೇಳೋರು ನಮಗೆ ಬೇಕು" ಎಂದ ಹಿರಿಯ ಮೇಡಂ ಅಲ್ಲೇ ನನ್ನ ಹೆಸರಿನ ಮುಂದೆ ಸಹಿ ಹಾಕಿದರು.

ಹೊರಗೆ ಉದ್ದನೆಯ ಬೆಂಚಿನ ಮೇಲೆ ಕೂರಿಸಿ ಅಪ್ಪನ ಅಂಗಿಯ ಗುಂಡಿ ಹಾಕತೊಡಗಿದೆ. ಮುಂದಿನ ಹುಡುಗಿ ಕೋಲೂರುವ ಮುದುಕಿಯೊಬ್ಬಳನ್ನು ಒಳಗೆ ಕರೆದೊಯ್ಯುತ್ತಿದ್ದಳು.

"ಸಿಕ್ತಾ?"

"ಸಿಕ್ತು."

ಅಪ್ಪನ ಮುಖದ ಒಂದು ಪಕ್ಕ ಅರಳಿತು. "ಏನು ಬೈದೆ ಕಣೆ! ನಾಟಕ ಅಂತ ಒಬ್ಬರಿಗೂ ಗೊತ್ತಾಗ್ಲಿಲ್ಲ." ಆಮೇಲೆ ಒಳಗಿನವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದ. "ಕೈ ಇನ್ನು ಏಳಲ್ಲ ಅಂದ್ಯಲ್ಲ, ಅದೂ ಅವರ ಮುಂದೆ ಹೇಳಿದ್ದು ತಾನೇ?"

"ಹೂಂ ಅಪ್ಪ" ಎಂದೆ. "ಅವರ ಮುಂದೆ ಅಷ್ಟೇ."