ಕುಟ್ಟಬಾರದ ಹೆಂಟೆಗಳು

ಚೀಲದ ಮೇಲೆ ‘ಒಡೆಯಬೇಡಿ’ ಎಂದು ಬರೆದದ್ದು ಲ್ಯಾಬಿನ ಹುಡುಗಿಯ ಕಣ್ಣಿಗೆ ಬೀಳುವಷ್ಟರಲ್ಲಿ ಒರಳಲ್ಲಿದ್ದ ಮಣ್ಣಿನ ಹೆಂಟೆಗಳೆಲ್ಲ ಹಿಟ್ಟಾಗಿದ್ದವು. 

ಮಣ್ಣು ಪರೀಕ್ಷೆಯ ಆ ಲ್ಯಾಬಿಗೆ ಬರುವುದೆಲ್ಲ ಸಾರ ಅಳೆಯಲು ಬಂದ ಮಣ್ಣೇ. ಬಂದದ್ದನ್ನು ಕುಟ್ಟು, ಜರಡಿ ಹಿಡಿ. ಕೈಗೆ ಬೇರೆ ದಾರಿಯೇ ಗೊತ್ತಿರಲಿಲ್ಲ. ಆದರೆ ಇವು ನೀರಲ್ಲಿ ಕರಗುತ್ತವೋ ನಿಲ್ಲುತ್ತವೋ ನೋಡಲೆಂದು ಇಡಿಯಾಗಿ ಒಣಗಿಸಿ ತಂದವು.

ಬಂದದ್ದು ಒಂದೇ ಹೊಲದಿಂದ; ಅರ್ಧ ಅಕ್ಕನದು, ಅರ್ಧ ತಮ್ಮನದು. ಅಕ್ಕ ಕೆಲವು ವರ್ಷಗಳಿಂದ ತನ್ನ ಪಾಲನ್ನು ಉಳದೆ, ಒಣಹುಲ್ಲು ಹೊದಿಸಿ ಬಿತ್ತುತ್ತಿದ್ದಳು. ಗುಡಿಸದ ಅಂಗಳದಂತಿದೆ ಎಂದು ತಮ್ಮ ಗೊಣಗಿ ಗೊಣಗಿ, ಈ ಸಲ ಇಡೀ ಹೊಲಕ್ಕೆ ಟ್ರ್ಯಾಕ್ಟರ್ ಹೇಳಿಬಿಟ್ಟಿದ್ದ. ಕೊನೆಗೆ ಒಂದು ಮಾತಿಗೆ ಬಂದಿದ್ದರು: ಅಕ್ಕನ ಹೆಂಟೆ ನೀರಲ್ಲಿ ತಮ್ಮನದಕ್ಕಿಂತ ಗಟ್ಟಿಯಾಗಿ ನಿಂತರೆ ಅವಳ ಪಾಲು ಮುಟ್ಟುವಂತಿಲ್ಲ. ಟ್ರ್ಯಾಕ್ಟರ್ ಬರುವುದು ಇವತ್ತೇ ಮಧ್ಯಾಹ್ನ.

ಅಕ್ಕ ಮೊದಲು ಒಳಗೆ ಬಂದಳು. ಹುಡುಗಿಯ ಮುಖ ನೋಡಿದಳು, ಒರಳು ನೋಡಿದಳು.

“ಅಮ್ಮಾ, ನಾನು...”

“ಸುಮ್ನಿರು ಮಗಳೇ. ಈಗಲೇ ಬೆವರಿ ನೀರಾಗಿದ್ದೀಯ.”

ಸ್ಕೂಟರ್ ನಿಲ್ಲಿಸಿ ತಮ್ಮ ಬಂದಾಗ ಅಕ್ಕ ಸಲೀಸಾಗಿ ಹೇಳಿಬಿಟ್ಟಳು: “ಚೀಲ ಕೈಜಾರಿತು ಕಣೋ. ಎಲ್ಲ ಪುಡಿಪುಡಿ.”

“ನಿನ್ನ ಕೈಗೆ ಏನು ಸಿಕ್ಕಿದ್ರೂ ಅದೇ ಗತಿ. ಇರು, ಹೊಲದಿಂದ ಇಬ್ಬರದೂ ಬೇರೆ ತರ್ತೀನಿ.”

ತಂದ. ಎರಡು ಗಾಜಿನ ಲೋಟಗಳಲ್ಲಿ ಇಬ್ಬರ ಹೆಂಟೆಗಳನ್ನೂ ಬಿಟ್ಟರು. ಎರಡೂ ಬಂಡೆಯ ಹಾಗೆ ಕೂತವು.

“ಸರಿಸಮ!” ತಮ್ಮ ಅಂಗೈ ಉಜ್ಜಿಕೊಂಡ. “ಇನ್ನೇನು, ಇಡೀ ಹೊಲ ಉಳೋದೇ.”

ಅಕ್ಕ ಲೋಟವನ್ನೇ ನೋಡುತ್ತ ನಿಂತಳು. ಹುಡುಗಿಗೆ ಸುಮ್ಮನಿರಲಾಗಲಿಲ್ಲ.

“ಇವು ಹಸಿ ಹೆಂಟೆ ಸಾರ್. ಒಣಗಿದ್ದರಲ್ಲಿ ಸಂದುಸಂದಿನಲ್ಲಿ ಗಾಳಿ ಇರುತ್ತೆ. ನೀರು ಒಮ್ಮೆಗೇ ನುಗ್ಗಿದರೆ ಆ ಗಾಳಿ ಒಳಗಿಂದ ಒದ್ದು ಒಡೆಯುತ್ತೆ. ಬೇರು, ಬೂಷ್ಟಿನ ಎಳೆ, ಎರೆಹುಳುವಿನ ಅಂಟು ಇದ್ದರೆ ಮಣ್ಣು ತಡೆದುಕೊಳ್ಳುತ್ತೆ. ಹಸಿಯಲ್ಲಿ ಸಂದೆಲ್ಲ ನೀರೇ. ಒದೆಯೋಕೆ ಗಾಳಿಯೇ ಇಲ್ಲ.”

“ಹೆಂಟೆ ಹಾಕೋ ಮುಂಚೆ ಹೇಳಬೇಕಿತ್ತು. ಸೋತ ಮೇಲೆ ಕಾನೂನು ತೆಗೀತೀಯಾ?”

“ಹೆದರಿದ್ದೆ ಸಾರ್. ಒಣಗಿದವನ್ನ ಅಮ್ಮ ಬೀಳಿಸಲಿಲ್ಲ. ನಾನೇ ಕುಟ್ಟಿಬಿಟ್ಟೆ.”

ತಮ್ಮ ಅಕ್ಕನ ಕಡೆ ತಿರುಗಿದ. ಬೈಯುತ್ತಾನೆ ಎಂದು ಹುಡುಗಿ ತಲೆ ತಗ್ಗಿಸಿದಳು.

“ಚಿಕ್ಕಂದಿನಲ್ಲಿ ನಾನು ಒಡೆದಿದ್ದಕ್ಕೆಲ್ಲ ಅಪ್ಪನ ಹತ್ತಿರ ಹೀಗೇ ಸುಳ್ಳು ಹೇಳ್ತಿದ್ದಳು,” ಎಂದ ಅವನು ಹುಡುಗಿಗೆ, ನಗು ತಡೆಯುತ್ತ. “ಈಗ ನಿನ್ನನ್ನು ಉಳಿಸೋ ಸರದಿ.” ಫೋನ್ ತೆಗೆದು ಡ್ರೈವರಿಗೆ ಜೋರಾಗಿ ಹೇಳಿದ: “ಬದುವಿನ ಈಚೆ, ನನ್ನ ಪಾಲು ಮಾತ್ರ ಉಳು. ಆಚೆ ಚಕ್ರ ಇಳಿಸಬೇಡ. ಆಮೇಲೆ ಹೇಳ್ತೀನಿ.”

ಟ್ರ್ಯಾಕ್ಟರ್ ಬರುವ ಮುಂಚೆಯೇ ಎರಡೂ ಕಡೆಯಿಂದ ಹೊಸ ಹೆಂಟೆ ಬಂದವು. ಹುಡುಗಿ ಅವನ್ನು ಕಾಗದದ ಮೇಲೆ ಹರಡಿ, ದಿನವೂ ತಿರುವಿಹಾಕಿ ಒಣಗಿಸಿದಳು. ಒರಳನ್ನು ತಾನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು.

ಅಕ್ಕ ತಮ್ಮ ಮತ್ತೆ ಬಂದ ದಿನ, ತಮ್ಮನ ಹೆಂಟೆ ನೀರಿಗೆ ಬಿದ್ದದ್ದೇ ಗುಳುಗುಳು ಎಂದು ಗುಳ್ಳೆಯೆಬ್ಬಿಸಿ ಬಾಯ್ದೆರೆಯಿತು, ನೋಡನೋಡುತ್ತ ಕೆಸರಾಯಿತು. ಅಕ್ಕನದು ಒಂದು ಮೂಲೆ ಉದುರಿಸಿಕೊಂಡು, ಉಳಿದದ್ದನ್ನು ಹಿಡಿದುಕೊಂಡೇ ಕೂತಿತ್ತು.

“ಇನ್ನೊಂದು ಹಾಕು,” ಎಂದ ತಮ್ಮ. ಹಾಕಿದಳು. ಅದೇ ಕಥೆ. “ಇನ್ನೊಂದು.”

“ಹೊಲವನ್ನೆಲ್ಲ ಲೋಟಕ್ಕೆ ಸುರೀತೀಯೇನೋ?” ಎಂದಳು ಅಕ್ಕ.

ಅವನು ಕೈಚೆಲ್ಲಿದ. “ಆಯ್ತು ಮಾರಾಯ್ತಿ. ನಿನ್ನ ಪಾಲು ನಿನ್ನಿಷ್ಟ.” ಕೆಸರಾದ ಲೋಟವನ್ನು ಬೆಳಕಿಗೆ ಹಿಡಿದು, ಹುಡುಗಿಯನ್ನು ಮೆಲ್ಲಗೆ ಕೇಳಿದ: “ನನ್ನದು ಅಕ್ಕನದರ ಹಾಗೆ ಕೂರೋಕೆ ಎಷ್ಟು ಕಾಲ ಬೇಕು?”

“ಹೇಳೋಕಾಗಲ್ಲ ಸಾರ್. ಒಂದು ಮೂಲೆ ಉಳದೆ ಬಿಟ್ಟು ನೋಡಿ. ಮೇಲೆ ಹುಲ್ಲು ಹೊದಿಸಬೇಕು.”

ಹುಲ್ಲಿಗೆ ಎಲ್ಲಿ ಹೋಗಲಿ ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು. “ನನ್ನ ಬಣವೆಯಲ್ಲಿದೆ. ನಡಿ, ಬಿಸಿಲೇರೋ ಮುಂಚೆ ಹೊತ್ತು ಹಾಕೋಣ.”