ಹಣಮವ್ವ ಕತ್ತರಿಸದ ಕಾಗದ

ಬೆರಳಿಗೆ ಹತ್ತಿದ ಗುಲಾಬಿ ಬಣ್ಣ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮೈತ್ರಿ ಬಟ್ಟೆಯನ್ನು ಮತ್ತೆ ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಅವ್ವನ ಹೆಬ್ಬೆರಳನ್ನೂ ತೋರುಬೆರಳನ್ನೂ ಒರೆಸಿದಳು. ಉಗುರಿನ ಸಂದಿಯಲ್ಲಿ ಮೈದಾ ಅಂಟು ಒಣಗಿ ಬಿಳಿ ಗೆರೆಯಾಗಿ ನಿಂತಿತ್ತು. ಅದನ್ನು ಕೆರೆದು ತೆಗೆಯಲು ಅವಳಿಗೆ ಮನಸ್ಸಾಗಲಿಲ್ಲ.

“ಬಿಡು ಮೈತ್ರಿ,” ಎಂದಳು ನೀರು ಹಾಕುತ್ತಿದ್ದ ಅತ್ತಿಗೆ ಸುಜಾತಾ. “ಪತಂಗದ ಕಾಗದದ ಬಣ್ಣ ಅದು. ನಿನ್ನೆ ಮುಂಜಾನಿ ಸುದ್ದಾ ಹೂ ಮಾಡ್ಯಾಳ.”

ಹಣಮವ್ವ ತೀರಿಕೊಂಡದ್ದು ನಿನ್ನೆ ಮಧ್ಯಾಹ್ನ, ಭಂಕೂರಿನ ಅಂಗನವಾಡಿಯಲ್ಲಿ. ಇಪ್ಪತ್ತು ವರ್ಷ ಅಲ್ಲಿ ಸಹಾಯಕಿಯಾಗಿದ್ದಳು. ಹೋದ ವರ್ಷ ಕೆಲಸದ ಅವಧಿ ಮುಗಿದಿದ್ದರೂ ದಿನಾ ಹೋಗುವುದನ್ನು ಬಿಟ್ಟಿರಲಿಲ್ಲ. ಮಕ್ಕಳ ಊಟವಾದ ಮೇಲೆ ಗೋಡೆಗೆ ಒರಗಿ ಕುಳಿತಿದ್ದವಳು ಹಾಗೆಯೇ ಇದ್ದುಬಿಟ್ಟಿದ್ದಳು. ಆಯಾ ಮಲಗಿದ್ದಾಳೆ ಎಂದುಕೊಂಡ ಮಕ್ಕಳು ತುಟಿಯ ಮೇಲೆ ಬೆರಳಿಟ್ಟುಕೊಂಡು ಒಬ್ಬರನ್ನೊಬ್ಬರು ಸುಮ್ಮನಿರಿಸುತ್ತಿದ್ದರಂತೆ. ಅಂಗನವಾಡಿ ಟೀಚರ್ ಮಹಾದೇವಮ್ಮ ಅದನ್ನು ನಿನ್ನೆ ಬಂದವರಿಗೆಲ್ಲ ಹೇಳಿ ಹೇಳಿ ಅತ್ತಿದ್ದರು. ಸೇಡಂ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮೈತ್ರಿ ಸುದ್ದಿ ತಿಳಿದು ಊರು ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು.

ಮೈ ತೊಳೆದು ಬಿಳಿ ಸೀರೆ ಉಡಿಸಿ ಅಂಗಳಕ್ಕೆ ತಂದರು. ಅಂಗಳದ ಚಪ್ಪಡಿಯ ಮೇಲೆ ಚಟ್ಟ ಸಿದ್ಧವಾಗಿತ್ತು. ಹಣಮವ್ವನ ಮಗ ರಾಜರತ್ನ ಮುಂಜಾನೆಯಿಂದ ಒಂದು ಕಡೆ ಕುಳಿತವನಲ್ಲ. ಕುಣಿ ತೋಡುವವರಿಗೆ ಹೇಳಿ ಬಂದಿದ್ದ, ನೆಂಟರಿಗೆ ಫೋನ್ ಮಾಡಿದ್ದ, ಶಹಾಬಾದಿನಿಂದ ಸೇವಂತಿಗೆಯ ದೊಡ್ಡ ಹಾರ ತರಿಸಿದ್ದ. ಒಬ್ಬ ಮಗ ಮಾಡಬೇಕಾದ್ದರಲ್ಲಿ ಯಾವುದನ್ನೂ ಬಿಟ್ಟಿರಲಿಲ್ಲ. ಆದರೆ ಒಮ್ಮೆಯೂ ತಾಯಿಯ ಮುಖದ ಹತ್ತಿರ ಬಗ್ಗಿರಲಿಲ್ಲ. ಊರವರಿಗೆ ಅದು ಹೊಸದಾಗಿರಲಿಲ್ಲ. ಹದಿನೈದು ವರ್ಷಗಳಿಂದ ಅವನು ತಾಯಿಯೊಡನೆ ಮಾತಾಡಿರಲಿಲ್ಲ.

*

ಹಣಮವ್ವನ ಗಂಡ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ. ಮನೆಯ ಗೋಡೆ, ನೆಲ, ಮಾಳಿಗೆ ಎಲ್ಲವೂ ಶಹಾಬಾದಿ ಕಲ್ಲಿನವೇ. ಮದುವೆಯಾಗಿ ಬಂದ ಹೊಸದರಲ್ಲಿ ಆ ಬೂದು ಬಣ್ಣ ನೋಡಿ ನೋಡಿ ಅವಳು ಬೇರೆ ಬಣ್ಣಕ್ಕೆ ಹಂಬಲಿಸುತ್ತಿದ್ದಳಂತೆ. ಶಹಾಬಾದಿನ ಸಂತೆಗೆ ಹೋದಾಗ ಮಜೀದಸಾಬನ ಗಾಳಿಪಟದ ಅಂಗಡಿಯಲ್ಲಿ ಪತಂಗದ ಕಾಗದದ ತುಂಡುಗಳು ಕಸದಲ್ಲಿ ಬಿದ್ದಿದ್ದನ್ನು ಕಂಡಳು. ಕೇಳಿದಳು. ಅವನು ಒಂದು ಚೀಲದ ತುಂಬ ಕೊಟ್ಟ. ಅವಳ ಕಾಗದದ ಕೆಲಸ ಶುರುವಾದದ್ದು ಹಾಗೆ.

ಯಾರೂ ಕಲಿಸಿದ್ದಲ್ಲ. ಮಡಚಿ, ಕತ್ತರಿಸಿ, ಬಿಚ್ಚಿ ನೋಡುತ್ತ ಕಲಿತಳು. ಹಳೆಯ ಲಗ್ನಪತ್ರಿಕೆಯಿಂದ ಬಾಗಿಲ ತೋರಣ, ಸುದ್ದಿಪತ್ರಿಕೆಯ ಹಾಳೆಯಿಂದ ಗಿಳಿ, ಸಿಮೆಂಟ್ ಚೀಲದ ಕಂದು ಕಾಗದದಿಂದ ಹೂದಾನಿ, ಕಸಬರಿಗೆ ಕಡ್ಡಿಯ ತುದಿಗೆ ಗುಲಾಬಿ. ತೊಟ್ಟಿಲು ಶಾಸ್ತ್ರವಿದ್ದ ಮನೆಯವರು ಬಂದು, ಹಣಮವ್ವ, ಏನರ ಮಾಡಿಕೊಡು ಎಂದರೆ ಮರುದಿನ ತೊಟ್ಟಿಲ ಮೇಲೆ ಬಣ್ಣಬಣ್ಣದ ಹಕ್ಕಿಗಳು ತೂಗುತ್ತಿದ್ದವು. ಅಂಗಡಿಯ ಸಾಮಾನು ತಂದು ಸಿಂಗರಿಸುವ ಶಕ್ತಿ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಮೊದಲ ಮಗ ರಾಜರತ್ನ. ನಡುವೆ ಎರಡು ಕೂಸು ಉಳಿಯಲಿಲ್ಲ. ಹದಿನಾರು ವರ್ಷದ ಮೇಲೆ ಮೈತ್ರಿ ಹುಟ್ಟಿದಳು. ಅವಳಿಗೆ ಮೂರು ತುಂಬುವ ಮೊದಲೇ ತಂದೆ ಕೆಮ್ಮಿ ಕೆಮ್ಮಿ ಸತ್ತ. ಗಣಿಯ ಧೂಳು ಎದೆಯಲ್ಲಿ ಕೂತಿದೆ ಎಂದಿದ್ದರು ಡಾಕ್ಟರು. ಅಂದೇ ರಾಜರತ್ನ ತಾನು ಕಲ್ಲಿನ ಕೆಲಸಕ್ಕೆ ಹೋಗುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದ. ಅರಣ್ಯ ರಕ್ಷಕನ ನೌಕರಿಗೆ ಅರ್ಜಿ ಹಾಕಿದ. ಓಟದ ಪರೀಕ್ಷೆಗೆಂದು ಒಂದು ವರ್ಷ ನಸುಕಿನಲ್ಲೆದ್ದು ಭಂಕೂರಿನಿಂದ ಶಹಾಬಾದಿನವರೆಗೆ ಓಡಿದ. ಚಿಂಚೋಳಿ ಕಡೆ ಕೆಲಸ ಸಿಕ್ಕರೆ ಚಂದ್ರಂಪಳ್ಳಿಯ ಕಾಡಿನ ಹತ್ತಿರ ಮನೆ ಮಾಡೋಣ, ಕಿಟಕಿ ತೆಗೆದರೆ ಬರೇ ಹಸಿರು ಕಾಣಬೇಕು ಎಂದು ತಾಯಿಗೆ ಹೇಳುತ್ತಿದ್ದ.

ಬುದ್ಧ ಪೂರ್ಣಿಮೆಗೆ ಎರಡು ದಿನವಿತ್ತು. ಓಣಿಗೆಲ್ಲ ಕಟ್ಟಲು ಐದು ಮೂಲೆಯ ನಕ್ಷತ್ರಗಳನ್ನು, ಕಾಗದದ ಚುಕ್ಕಿಗಳನ್ನು ಮಾಡುವ ಕೆಲಸ ಮನೆಯಲ್ಲಿ ನಡೆದಿತ್ತು. ಹಣಮವ್ವ ನಳಕ್ಕೆ ನೀರಿಗೆ ಹೋಗಿದ್ದಾಗ ಪೋಸ್ಟಿನವನು ಬಂದು ಒಂದು ಲಕೋಟೆಯನ್ನು ಏಳು ವರ್ಷದ ಮೈತ್ರಿಯ ಕೈಗೆ ಕೊಟ್ಟು ಹೋದ. ಒಳಗಿನ ಹಾಳೆ ದಪ್ಪಗಿತ್ತು, ನುಣ್ಣಗಿತ್ತು. ಅವ್ವ ಬರುವಷ್ಟರಲ್ಲಿ ಮೈತ್ರಿ ಅದರಿಂದ ಒಂದು ಚುಕ್ಕಿ ಮಾಡಿ ಮುಗಿಸಿದ್ದಳು. ಓದು ಬಾರದ ಹಣಮವ್ವ ಆ ಚುಕ್ಕಿಯನ್ನು ಎತ್ತಿ ಹಿಡಿದು, ನನಗಿಂತ ಚಲೋ ಮಾಡೀದಿ ಎಂದು ಹೊಗಳಿದ್ದಳು.

ಇಪ್ಪತ್ತು ದಿನದ ಮೇಲೆ, ಜೊತೆಗೆ ಅರ್ಜಿ ಹಾಕಿದ್ದ ಅಂಬರೇಶ ಶಹಾಬಾದಿನಲ್ಲಿ ಸಿಕ್ಕು, ಓಟಕ್ಕೆ ಯಾಕ ಬರಲಿಲ್ಲೋ ಎಂದು ರಾಜರತ್ನನನ್ನು ಕೇಳಿದ. ಕರೆಪತ್ರ ಮನೆಗೇ ಕೊಟ್ಟಿದ್ದೇನೆ ಎಂದ ಪೋಸ್ಟಿನವನು. ಮನೆಗೆ ಬಂದ ರಾಜರತ್ನ ಪೆಟ್ಟಿಗೆ, ಗೂಡು, ಹಾಸಿಗೆ ಎಲ್ಲವನ್ನೂ ಕೆದಕಿದ. ಕೊನೆಗೆ ತಲೆಯೆತ್ತಿದರೆ ಬಾಗಿಲ ಮೇಲೆ ಕಟ್ಟಿದ್ದ ಚುಕ್ಕಿಯ ಒಂದು ಮೂಲೆಯಲ್ಲಿ ಅವನ ಹೆಸರಿನ ಅರ್ಧ ಇತ್ತು.

ಮೈತ್ರಿ ಅವ್ವನ ಸೀರೆಯ ಹಿಂದೆ ನಿಂತಿದ್ದಳು. ಹಣಮವ್ವ ಮಗನ ಕೈಯಲ್ಲಿದ್ದ ಚುಕ್ಕಿಯನ್ನು ನೋಡಿದಳು. ಹಿಂದೆ ಕೈ ಚಾಚಿ ಮಗಳನ್ನು ಇನ್ನಷ್ಟು ಒಳಕ್ಕೆ ಸರಿಸಿದಳು.

“ನಾನೇ ಕತ್ತರಿಸೀನಿ,” ಎಂದಳು. “ಓದಾಕ ಬರಂಗಿಲ್ಲಲ್ಲ ನನಗ.”

ಅವನು ಹೊಡೆಯಲಿಲ್ಲ, ಬೈಯಲಿಲ್ಲ. ಮನೆಯಲ್ಲಿದ್ದ ಕಾಗದವನ್ನೆಲ್ಲ, ಹೂ, ತೋರಣ, ಗಿಳಿಗಳ ಸಮೇತ ಅಂಗಳಕ್ಕೆ ತಂದು ಸುಟ್ಟ. ಇನ್ನು ಮೇಲೆ ಈ ಮನೆಯಲ್ಲಿ ಕತ್ತರಿ ಕಾಣಬಾರದು ಎಂದ. ತಾಯಿಗೆ ಅವನು ಆಡಿದ ಕೊನೆಯ ಮಾತು ಅದು. ಎಷ್ಟೋ ವರ್ಷಗಳ ಮೇಲೆ ಮತ್ತೆ ಅರ್ಜಿ ಕರೆಯುವ ಹೊತ್ತಿಗೆ ಅವನ ವಯಸ್ಸು ಮೀರಿತ್ತು. ಕಲ್ಲಿಗೆ ಪಾಲಿಶ್ ಮಾಡುವ ಕಾರ್ಖಾನೆಗೆ ಸೇರಿದ.

ತಾಯಿಯನ್ನು ಅವನು ಚೆನ್ನಾಗಿಯೇ ನೋಡಿಕೊಂಡ. ಜ್ವರ ಬಂದರೆ ಬೈಕಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದ. ಹಬ್ಬಕ್ಕೆ ಸೀರೆ ತಂದ. ಆದರೆ ತಾಯಿ ಎದುರಿಗೇ ಕುಳಿತಿದ್ದರೂ, ಅಕಿ ಗುಳಿಗಿ ತಗೊಂಡಾಳೇನು ಕೇಳು ಎಂದು ಸುಜಾತಾಳಿಗೆ ಹೇಳುತ್ತಿದ್ದ. ಹಣಮವ್ವ ಉತ್ತರವನ್ನು ಸೊಸೆಗೆ ಕೊಡುತ್ತಿದ್ದಳು. ಕಾಗದದ ಕೆಲಸವನ್ನು ಅವಳು ಅಂಗನವಾಡಿಗೆ ಒಯ್ದಳು. ಅಲ್ಲೇ ಮಾಡಿ, ಅಲ್ಲೇ ಬಿಟ್ಟು, ಕೈ ತೊಳೆದುಕೊಂಡು ಮನೆಗೆ ಬರುತ್ತಿದ್ದಳು.

*

ಹತ್ತು ಗಂಟೆಯ ಸುಮಾರಿಗೆ ಮಹಾದೇವಮ್ಮ ಹತ್ತಾರು ಹೆಂಗಸರೊಂದಿಗೆ ಬಂದರು. ಎಲ್ಲರೂ ಅಂಗನವಾಡಿಗೆ ಮಕ್ಕಳನ್ನು ಕಳಿಸುವ ತಾಯಂದಿರು. ಅವರಲ್ಲಿ ನಾಲ್ವರು ಒಂದು ಉದ್ದದ ಕಾಗದದ ಹಾರವನ್ನು ನೆಲಕ್ಕೆ ತಾಗದಂತೆ ಹಿಡಿದುಕೊಂಡಿದ್ದರು. ಹಣಮವ್ವ ನಿನ್ನೆವರೆಗೆ ಮಾಡಿಟ್ಟಿದ್ದ ಹೂಗಳಿಗೆ ಇವರೆಲ್ಲ ತಾವು ಮಾಡಿದ್ದನ್ನು ಸೇರಿಸಿ ಪೋಣಿಸಿದ್ದರು. ಸೊಟ್ಟ ಹೂಗಳು ಯಾರು ಮಾಡಿದ್ದೆಂದು ನೋಡಿದರೇ ತಿಳಿಯುತ್ತಿತ್ತು.

ಅವರು ಅದನ್ನು ಚಟ್ಟದ ಸುತ್ತ ಕಟ್ಟತೊಡಗಿದಾಗ ರಾಜರತ್ನ ಬಂದ.

“ಕಾಗದದ್ದು ಬ್ಯಾಡ್ರಿ ಟೀಚರ್. ಹೂವಿನ ಹಾರ ತರಸೀನಿ.”

ಮಹಾದೇವಮ್ಮ, ಅವಳೇ ಕೈಯಾರೆ ಮಾಡಿದ್ದು, ಇರಲಿ ಬಿಡಪ್ಪ ಎಂದರು. ತಮ್ಮ ಮಗಳ ತೊಟ್ಟಿಲಿಗೂ ಹಣಮವ್ವನೇ ಸಿಂಗಾರ ಮಾಡಿದ್ದಳು, ಈ ಓಣಿಯಲ್ಲಿ ಹುಟ್ಟಿದ ಮಕ್ಕಳೆಲ್ಲ ಕಣ್ಣು ಬಿಟ್ಟು ಮೊದಲು ಕಂಡದ್ದು ಅವಳ ಹಕ್ಕಿಗಳನ್ನೇ ಎಂದರು. ರಾಜರತ್ನ ನೆಲ ನೋಡುತ್ತ ಕೇಳಿಸಿಕೊಂಡ.

“ನಿಮಗೆಲ್ಲ ಹಕ್ಕಿ ಮಾಡಿ ಕೊಟ್ಟಾಳ್ರಿ. ನನಗ ಏನ್ ಮಾಡ್ಯಾಳ ಅಂಬೋದು ಊರಿಗೆಲ್ಲ ಗೊತ್ತದ,” ಎಂದು ಬಗ್ಗಿ ಹಾರದ ಗಂಟು ಬಿಚ್ಚತೊಡಗಿದ. ಹೆಂಗಸರು ಹಿಂದೆ ಸರಿದರು.

ಮೈತ್ರಿ ಅಣ್ಣನ ಕೈಗಳನ್ನು ನೋಡುತ್ತಿದ್ದಳು. ದಿನವಿಡೀ ಕಲ್ಲಿನ ಕೆಸರುನೀರಿನಲ್ಲಿ ನೆನೆದು ಬೆರಳ ತುದಿಗಳು ಬಿರಿದಿದ್ದವು. ಅವಳ ನರ್ಸಿಂಗ್ ಓದು ಮುಗಿದದ್ದು ಆ ಕೈಗಳಿಂದ. ಅವಳಿಗೆ ನೌಕರಿ ಸಿಕ್ಕ ದಿನ ಅವನು ಇಡೀ ಓಣಿಗೆ ಪೇಢೆ ಹಂಚಿದ್ದ.

*

ಆರು ತಿಂಗಳ ಹಿಂದೆ ಹಣಮವ್ವ ಎದೆನೋವೆಂದು ಸೇಡಂ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳು. ಒಂದು ಮಧ್ಯಾಹ್ನ ಮೈತ್ರಿ ಮಂಚದ ಅಂಚಿಗೆ ಕುಳಿತು, ಇನ್ನು ನನ್ನಿಂದಾಗುವುದಿಲ್ಲ, ಅಣ್ಣನಿಗೆ ಹೇಳಿಬಿಡುತ್ತೇನೆ ಎಂದಿದ್ದಳು. ಹಣಮವ್ವ ಗುಳಿಗೆಯ ಖಾಲಿ ಡಬ್ಬಿಯನ್ನು ಮಡಚುತ್ತ ಕುಳಿತಿದ್ದಳು.

“ಆಗ ನಿನ್ನ ಸಾಲಿ ಅಂವನ ಕೈಯಾಗ ಇತ್ತು,” ಎಂದಳು. “ನಿನ್ನ ಮ್ಯಾಲ ಸಿಟ್ಟಾದ್ರ ನೀ ಎಲ್ಲಿಗಿ ಹೋಗ್ತಿದ್ದಿ? ನನ್ನ ಮ್ಯಾಲ ಸಿಟ್ಟಾದ್ರ ಏನಾತು, ಅವ್ವನ್ನ ಬಿಟ್ಟು ಎಲ್ಲಿ ಹೋಗ್ತಾನ, ನಾಕ್ ದಿನಕ್ಕ ಸರಿ ಆಗ್ತಾನ ಅಂದ್ಕೊಂಡಿದ್ದೆ.”

ಸರಿಯಾಗಲಿಲ್ಲವಲ್ಲ ಎಂದಳು ಮೈತ್ರಿ.

“ಆಗಲಿಲ್ಲ. ಈಗ ನಾ ಹೋದಮ್ಯಾಲ ನೀವಿಬ್ಬರೇ ಉಳೀತೀರಿ. ಅಂವಗ ನೀನು, ನಿನಗ ಅಂವ. ಹೇಳಬ್ಯಾಡ. ನಾ ಸತ್ತಮ್ಯಾಲೂ ಹೇಳಬ್ಯಾಡ.”

ಮೈತ್ರಿ ಹೂಂ ಅಂದಿದ್ದಳು. ಅಂದಾಗ ಎದೆಯ ಮೇಲಿನ ಭಾರ ಇಳಿದಂತಾದದ್ದೂ ನಿಜ. ಅದಕ್ಕಾಗಿ ಅವಳು ತನ್ನನ್ನು ತಾನು ಕ್ಷಮಿಸಿಕೊಂಡಿರಲಿಲ್ಲ.

*

ರಾಜರತ್ನ ಹಾರದ ಎರಡನೆಯ ಗಂಟಿಗೆ ಕೈ ಹಾಕಿದ್ದ.

“ಅಣ್ಣ,” ಎಂದಳು ಮೈತ್ರಿ. “ಆ ಕಾಗದ ಅವ್ವ ಕತ್ತರಿಸಿದ್ದಲ್ಲ. ನಾನು ಕತ್ತರಿಸಿದ್ದು.”

ಅವನಿಗೆ ಕೇಳಿಸಲಿಲ್ಲವೇನೋ ಎಂಬಂತೆ ಗಂಟು ಬಿಚ್ಚುತ್ತಲೇ ಇದ್ದ. ಮೈತ್ರಿ ಪೋಸ್ಟಿನವನು ಬಂದದ್ದು, ಅವ್ವ ನೀರಿಗೆ ಹೋಗಿದ್ದು, ತಾನು ಲಕೋಟೆ ಹರಿದದ್ದು, ಎಲ್ಲವನ್ನೂ ಹೇಳಿದಳು. ಅಂಗಳದಲ್ಲಿ ಅಳುತ್ತಿದ್ದವರ ದನಿ ಒಂದೊಂದಾಗಿ ನಿಂತಿತು. ರಾಜರತ್ನನ ಕೈಯೂ ನಿಂತಿತು.

“ನಿನಗ ಎಷ್ಟ ವರ್ಷ ಆಗ?”

“ಏಳು.”

“ಅಕೀಗಿ ಗೊತ್ತಿತ್ತೇನು, ನೀ ಕತ್ತರಿಸಿದ್ದು?”

“ಗೊತ್ತಿತ್ತು. ನಿನ್ನ ಮುಂದ ಬ್ಯಾರೇನೇ ಹೇಳಿದಳು.”

ಅವನು ಎದ್ದ. ತಂಗಿಯ ಕಡೆ ನೋಡಲಿಲ್ಲ. ಜನರ ನಡುವಿನಿಂದ ಹೊರಗೆ ಹೋಗಿ, ರಸ್ತೆಯಾಚೆ ಪೇರಿಸಿಟ್ಟಿದ್ದ ಚಪ್ಪಡಿಗಳ ಹತ್ತಿರ ಬೆನ್ನು ತಿರುಗಿಸಿ ನಿಂತ. ಸುಜಾತಾ ಹೋಗಲು ಹೊರಟಳು. ಹಣಮವ್ವನ ತಮ್ಮ ಜಗದೇವಪ್ಪ ಅವಳನ್ನು ತಡೆದ. ಬಿಸಿಲು ಅಂಗಳದ ಅರ್ಧಕ್ಕೆ ಬಂತು. ಕಡೆಗೆ ಜಗದೇವಪ್ಪನೇ ಹೋಗಿ, ಹೊತ್ತಾಯಿತು, ನಡಿ ಎಂದು ಹೆಗಲ ಮೇಲೆ ಕೈಯಿಟ್ಟು ಕರೆತಂದ. ರಾಜರತ್ನ ಬಂದು ಚಟ್ಟದ ಮುಂದಿನ ಮೂಲೆಗೆ ಹೆಗಲು ಕೊಟ್ಟ. ಕಾಗದದ ಹಾರ ಒಂದು ಕಡೆ ಬಿಚ್ಚಿತ್ತು, ಇನ್ನೊಂದು ಕಡೆ ಹಾಗೆಯೇ ಇತ್ತು. ಅದನ್ನು ಕಟ್ಟಲು ಯಾರಿಗೂ ಧೈರ್ಯವಾಗಲಿಲ್ಲ, ತೆಗೆಯಲೂ ಆಗಲಿಲ್ಲ.

ಊರ ಹೊರಗಿನ ಸ್ಮಶಾನದಲ್ಲಿ ನೆಲದಡಿ ಬರೇ ಕಲ್ಲು. ಕುಣಿ ತೋಡುವವರು ಹಾರೆ ಹಾಕಿ ಹಾಕಿ ದಣಿದಿದ್ದರು. ಜಗದೇವಪ್ಪ ತ್ರಿಶರಣ, ಪಂಚಶೀಲ ಹೇಳಿಕೊಟ್ಟ. ಉಳಿದವರು ಕೈಮುಗಿದು ಅದನ್ನೇ ಹೇಳಿದರು. ರಾಜರತ್ನ ಕುಣಿಗೆ ಇಳಿದು ತಾಯಿಯ ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದು ಇಳಿಸಿಕೊಂಡ. ಇಳಿಸಿಕೊಂಡವನು ಬೇಗ ಮೇಲೆ ಬರಲಿಲ್ಲ. ತಲೆಯ ಕೆಳಗಿನ ಮಣ್ಣನ್ನು ತಡವುತ್ತ ಒಂದೊಂದೇ ಹರಳನ್ನು ಆರಿಸಿ ಹೊರಗಿಟ್ಟ. ನೆಲ ನುಣುಪಾಗುವವರೆಗೂ ಅದನ್ನೇ ಮಾಡಿದ. ಮೇಲೆ ನಿಂತವರು ಕಾದರು.

ತಿರುಗಿ ಬರುವಾಗ ಜನ ಮುಂದೆ ಮುಂದೆ ನಡೆದರು. ಅಣ್ಣ ತಂಗಿ ಹಿಂದೆ ಉಳಿದರು.

“ಅಕಿ ಇದ್ದಾಗ ಹೇಳಬೇಕಿತ್ತು ನೀನು,” ಎಂದ ಅವನು ಅರ್ಧ ದಾರಿಯಲ್ಲಿ. “ಇಲ್ಲಾಂದ್ರ ಹೇಳಲೇಬಾರದಿತ್ತು.”

“ಅವ್ವ ಬ್ಯಾಡಂದಿದ್ಲು.”

“ಮತ್ಯಾಕ ಹೇಳಿದಿ?”

ಮೈತ್ರಿಯ ಬಳಿ ಎರಡು ಉತ್ತರಗಳಿದ್ದವು. ಅವ್ವನ ಮೇಲಿನ ಅಪವಾದ ಅವ್ವನ ಜೊತೆ ಮಣ್ಣಿಗೆ ಹೋಗಬಾರದು ಎಂದು ಹೇಳಬಹುದಿತ್ತು. ತನ್ನಿಂದ ಹೊರಲು ಆಗಲಿಲ್ಲ ಎಂದೂ ಹೇಳಬಹುದಿತ್ತು. ಯಾವುದು ಹೆಚ್ಚು ನಿಜ ಎಂಬುದು ಅವಳಿಗೆ ತಿಳಿಯಲಿಲ್ಲ.

“ನೌಕರಿ ಹೋತಂತ ಅಲ್ಲ,” ಎಂದ ರಾಜರತ್ನ ಸ್ವಲ್ಪ ದೂರದ ಮೇಲೆ. “ಅದೆಲ್ಲಾ ಯಾವಾಗೋ ಮರತೀನಿ. ಮಾತಾಡಬೇಕಂತ ಎಷ್ಟೋ ಸಲ ಬಾಯಿತನಕ ಬಂದಿತ್ತು. ಅಕಿ ತಪ್ಪು ಮಾಡ್ಯಾಳ, ಅಕಿನೇ ಮೊದಲು ಕರೀಲಿ ಅಂತ ಕುಂತೆ.”

ಮನೆಯ ಮುಂದೆ ಸುಜಾತಾ ಎರಡು ಬಕೆಟ್ ನೀರು, ಒಂದು ತಂಬಿಗೆ ಇಟ್ಟಿದ್ದಳು. ಸ್ಮಶಾನದಿಂದ ಬಂದವರು ಕಾಲು ತೊಳೆದುಕೊಂಡು ಒಳಗೆ ಹೋಗುತ್ತಿದ್ದರು. ರಾಜರತ್ನ ತಂಬಿಗೆ ಎತ್ತಿಕೊಂಡು ಮಾವನಿಗೆ ನೀರು ಹಾಕಿದ, ಬಂದ ನೆಂಟರಿಗೆ ಹಾಕಿದ, ಮಹಾದೇವಮ್ಮನವರಿಗೆ ಹಾಕಿದ. ಎಲ್ಲರ ನಂತರ ಮೈತ್ರಿ ಬಂದು ಒದ್ದೆ ಚಪ್ಪಡಿಯ ಮೇಲೆ ನಿಂತಳು. ತಂಬಿಗೆಗಾಗಿ ಕೈ ಚಾಚಿದಳು. ಅವನು ಕೊಡಲಿಲ್ಲ. ಬಗ್ಗಿ ಅವಳ ಪಾದದ ಮೇಲೆ ತಾನೇ ನೀರು ಸುರಿದ. ಮಣ್ಣು ಹೋಯಿತು. ಮತ್ತೊಂದು ತಂಬಿಗೆ ತುಂಬಿ ಸುರಿದ, ಅದರ ಮೇಲೆ ಮತ್ತೊಂದು. ಅವಳ ಮುಖ ನೋಡಲಿಲ್ಲ, ಸುರಿಯುವುದನ್ನು ನಿಲ್ಲಿಸಲಿಲ್ಲ. ಬಕೆಟ್ ಬರಿದಾಗಿ ತಂಬಿಗೆ ತಳಕ್ಕೆ ಬಡಿದ ಸದ್ದು ಒಳಗಿನವರಿಗೂ ಕೇಳಿಸಿತು. ಅವನು ಖಾಲಿ ತಂಬಿಗೆಯನ್ನು ಅವಳ ಪಾದದ ಮೇಲೆ ಬಗ್ಗಿಸಿ ಹಿಡಿದೇ ಇದ್ದ. ಮೈತ್ರಿ ಕಾಲು ಎತ್ತದೆ ನಿಂತಿದ್ದಳು.