ಆ ಅನ್ನು

ಕಿಟಕಿಯ ಗಾಜಿನ ಮೇಲೆ ಏನೋ ಸವರಿ ಹೋದಂತಾಯಿತು, ರೆಕ್ಕೆಯೋ ನೆರಳೋ, ನೋಡಬಾರದು, ನೋಡಿದರೆ ಮುಗಿಯಿತು, ಅವಳು ಕತ್ತನ್ನು ಇನ್ನಷ್ಟು ಬಗ್ಗಿಸಿ ಚಿಮಟದ ತುದಿಯಲ್ಲಿದ್ದ ಹಲ್ಲನ್ನು ಗುಲಾಬಿ ಬಣ್ಣದ ಮೇಣದೊಳಗೆ ಒತ್ತಿದಳು, ಕೊಂಚ ಓರೆಯಾಗಿಯೇ ಇರಲಿ, ತೀರ ಸಾಲಾಗಿ ನಿಲ್ಲಿಸಿದರೆ ಕಟ್ಟಿಸಿದ ಹಲ್ಲು ಅಂತ ಊರಿಗೆಲ್ಲ ಗೊತ್ತಾಗುತ್ತದೆ — ಎರಡಾಯಿತು, ಮೇಲ್ದವಡೆಗೆ ಇನ್ನು ಹನ್ನೆರಡು, ಅಷ್ಟೂ ಮುಗಿಯುವ ತನಕ ಚಿಮಟ ಎಲ್ಲಿಯೂ ತಾಗಬಾರದು, ಒಂದೇ ಒಂದು ಸಲವೂ ಟಿಕ್ ಅನ್ನಬಾರದು. ಎಂಟು ವರ್ಷ ಪಳಗಿದ ಕೈ, ಹೇಳಿದ ಮಾತು ಕೇಳುವ ಕೈಯಲ್ಲ, ಹಲ್ಲು ಕೂರಿಸಿದ ಕೂಡಲೇ ಚಿಮಟಕ್ಕೆ ಅಂಟಿದ ಮೇಣ ಉದುರಲೆಂದು ಸ್ಪಿರಿಟ್ ದೀಪದ ಗಾಜಿಗೆ ಎರಡು ಸಲ ಕುಟ್ಟುವುದು, ಟಿಕ್ ಟಿಕ್, ಉಸಿರಾಡಿದಷ್ಟೇ ಸಲೀಸು, ತಾನು ಹಾಗೆ ಕುಟ್ಟುತ್ತೇನೆಂದೇ ಅವಳಿಗೆ ತಿಳಿದಿರಲಿಲ್ಲ, ನಿನ್ನೆ ಪ್ಲಾಸ್ಟರ್ ಮಾಮ ಹೇಳುವವರೆಗೆ. ಡಾಕ್ಟರುಗಳು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಹುಯ್ಯುವುದು ಅವರ ಕೆಲಸ, ಹುಬ್ಬಿನ ತನಕ ಬಿಳಿ, ಪಕ್ಕದ ಮೇಜಿನಿಂದ ತಲೆ ಎತ್ತದೆಯೇ ಅಂದರು, ಕಿಟಕಿ ಮುಚ್ಕೊಂಡು ಕೂತ್ರೆ ಆಯ್ತೇನಮ್ಮಾ, ಬೆಳಗಿಂದ ನೀನೇ ಆ ಹಕ್ಕೀನ ಊಟಕ್ಕೆ ಬಾ ಊಟಕ್ಕೆ ಬಾ ಅಂತ ಕರೀತಾ ಇದೀಯಲ್ಲ, ನಾನೆಲ್ಲಿ ಕರೆದೆ ಮಾಮ, ಅಯ್ಯೋ ನನ್ನ ಕೇಳ್ಬೇಡ, ನಿನ್ನ ಕೈನ ಕೇಳು. ತಿಳಿದಿರಲಿಲ್ಲವೇ, ನಿಜವಾಗಿ? ಮೂರನೆಯದು, ಕೋರೆಹಲ್ಲು, ಇದು ಕೂತರೆ ಮುಖ ಕೂತಂತೆ.

ಬಂದ ದಿನ ಅದು ಹಕ್ಕಿಯಂತೆಯೇ ಇರಲಿಲ್ಲ, ಬರೀ ಬಾಯಿ, ಬಾಯಿಗೆ ಅಂಟಿಸಿದ ಒಂದು ಹೊಟ್ಟೆ, ಬಣ್ಣ ಬಳಿಯಲು ಅಂಗಡಿಯ ಬೋರ್ಡು ಬಿಚ್ಚಿದಾಗ ಹಿಂದಿದ್ದ ಮೈನಾಗೂಡು ಜಾರಿ ಬಿದ್ದು ಎರಡು ಮರಿ ಅಲ್ಲೇ ಸತ್ತವು, ತಾಯಿಯ ರೆಕ್ಕೆಗಳಷ್ಟೇ ಮೆಟ್ಟಿಲ ಕೆಳಗೆ ಸಿಕ್ಕಿದವು, ಬೀದಿಯ ಆ ಕಂದು ಬೆಕ್ಕಿನದೇ ಕೆಲಸ, ತಂದೆ ಬಂದೀತೆಂದು ಉಳಿದ ಇದೊಂದನ್ನು ದಿನವಿಡೀ ಕಿಟಕಿಯ ಅಂಚಿನಲ್ಲಿಟ್ಟು ಕಾದರೂ ಯಾರೂ ಬರಲಿಲ್ಲ. ಉಳಿಯಲ್ಲಮ್ಮಾ ಅದು, ಸುಮ್ನೆ ಮನಸ್ಸಿಗೆ ಹಚ್ಕೋಬೇಡ ಅಂದರು ಮಾಮ, ಅಂದವರೇ ಮಧ್ಯಾಹ್ನ ಡಬ್ಬಿಯಿಂದ ಬೇಯಿಸಿದ ಮೊಟ್ಟೆ ತೆಗೆದಿಟ್ಟು ಮುಖ ತಿರುಗಿಸಿಕೊಂಡರು, ಅರಚಾಟ ಕೇಳಿ ಬಾಯಿಬಡುಕಿ ಅಂತ ಹೆಸರಿಟ್ಟವರೂ ಅವರೇ. ಅರ್ಧ ಗಂಟೆಗೊಮ್ಮೆ ತುತ್ತು, ಬೆರಳು ದೊಡ್ಡದಾಯಿತು, ಚಮಚವೂ ದೊಡ್ಡದು, ಕೈಗೆ ಸಿಕ್ಕಿದ್ದು ಇದೇ ಚಿಮಟ, ಮೇಣ ಉದುರಿಸಿ, ಟಿಕ್ ಟಿಕ್, ಮೊಟ್ಟೆಯ ಚೂರು ಹಿಡಿದಳು — ಬಾಯಿ ತೆರೆಯಿತು, ಅಂಚಿಗೆಲ್ಲ ಹಳದಿ, ಒಳಗೆ ಕೆಂಡದ ಕೆಂಪು, ಗಂಟಲಿನ ಆಳದ ತನಕ ತೆರೆದ ಬಾಯಿ, ನೀನಿಲ್ಲದಿದ್ದರೆ ನಾನಿಲ್ಲ ಎನ್ನುವ ಹಾಗೆ. ಕಪಾಟಿನ ತುಂಬ ನೂರಾರು ಜನರ ಬಾಯಿ, ಎಲ್ಲವೂ ಪ್ಲಾಸ್ಟರಿನವು, ಒಂದೂ ಅವಳನ್ನು ಏನನ್ನೂ ಕೇಳಿದ್ದಿಲ್ಲ. ಸಂಜೆ ತನ್ನ ಕೋಣೆಗೆ ಹೋದರೂ ಅಷ್ಟೇ, ಒಂದು ಕುರ್ಚಿ, ಒಂದು ತಟ್ಟೆ, ಭಾನುವಾರ ಪೂರ್ತಿ ಮಾತಾಡದೆ ಸೋಮವಾರ ಮಾಮನಿಗೆ ಬಂದ್ರಾ ಎನ್ನುವಾಗ ಗಂಟಲು ಕೀರುತ್ತಿತ್ತು, ಬಾಯಿಬಡುಕಿ ಬಂದ ಮೇಲೆ ಭಾನುವಾರಗಳಿಗೂ ದನಿ ಬಂತು, ಅದು ಹೆಗಲ ಮೇಲೆ ಕೂತು ಕಿವಿಯ ಓಲೆ ಎಳೆಯುವುದು, ಅಯ್ಯೋ ರಾಕ್ಷಸಿ ಬಿಡೇ ಅನ್ನುವುದು, ಅಂದ ಮಾತು ಗೋಡೆಗೆ ತಾಗಿ ಹಿಂತಿರುಗದೆ ಯಾರಿಗೋ ಕೇಳಿಸುವುದು. ಏಳನೆಯದು, ಒಂದು ಪಕ್ಕ ಮುಗಿಯಿತು, ಕೈ ದೀಪದ ಕಡೆ ಹೊರಟೇಬಿಟ್ಟಿತು, ಹಿಡಿದಳು, ಎಡಗೈಯಿಂದ ಬಲಗೈಯನ್ನು, ಕಳ್ಳನನ್ನು ಹಿಡಿದ ಹಾಗೆ.

ಆ ಅನ್ನು — ಅಜ್ಜಿಯ ದನಿ, ಎಲ್ಲಿಂದ ಬಂತೋ, ಏಳನೆಯ ಬಾಗಿಲ ಮುಂದೆ ರಾಜಕುಮಾರಿ ನಿಂತಿದ್ದಾಳೆ, ಒಳಗಡೆ ಏನಿತ್ತು ಗೊತ್ತಾ ಪುಟ್ಟಿ, ಆ ಅನ್ನು, ಹೇಳ್ತೀನಿ, ಇವಳು ಆ ಅಂದರೆ ತುತ್ತು ಒಳಗೆ, ತುತ್ತು ಇಳಿದ ಮೇಲೆ ಬಾಗಿಲು ತೆರೆಯುವುದು, ಇವಳ ಜೊತೆಗೆ ಅಜ್ಜಿಯ ಬೊಚ್ಚುಬಾಯಿಯೂ ತಾನಾಗಿ ಆ ಎಂದು ತೆರೆಯುತ್ತಿತ್ತು. ಕೆಲಸ ಕಲಿತು ಮೊದಲು ಮಾಡಿದ ಸೆಟ್ಟು ಅಜ್ಜಿಗೇ, ಇದ್ಯಾರ ಹಲ್ಲೇ, ಪಕ್ಕದ್ಮನೆಯವಳ್ದು ಕದ್ದು ತಂದ ಹಾಗಿದೆ, ನಗೋಕೇ ಭಯ ಆಗುತ್ತೆ ಅಂತ ಲೋಟದ ನೀರಿಗೆ ಹಾಕಿ ಬೊಚ್ಚುಬಾಯಲ್ಲೇ ನಕ್ಕಳು, ಕೊನೆಗೆ ಅಜ್ಜಿ ಮಲಗಿದಲ್ಲೇ ಆದಾಗ ಗಂಜಿಯ ಚಮಚ ಹಿಡಿದು ಇವಳೇ ಕಥೆ ಹೇಳಬೇಕಾಯಿತು, ಏಳನೆಯ ಬಾಗಿಲ ಮುಂದೆ ನಿಲ್ಲಿಸಿ, ಅಜ್ಜೀ, ಆ ಅನ್ನು, ಒಂದೇ ತುತ್ತು — ಅಜ್ಜಿ ತುಟಿ ಬಿಚ್ಚಲಿಲ್ಲ, ಚಮಚ ಹಾಗೇ ಗಾಳಿಯಲ್ಲಿ, ಇವಳ ಬಾಯಿ ಹಾಗೇ ತೆರೆದು, ರಾಜಕುಮಾರಿ ಇವತ್ತಿಗೂ ಅಲ್ಲೇ ನಿಂತಿದ್ದಾಳೆ. ಹನ್ನೊಂದು. ಹನ್ನೆರಡು. ಗಾಜಿನ ಮೇಲೆ ಕೊಕ್ಕು ಕುಟ್ಟುತ್ತಿದೆ, ತೆರೆಯಲೇ, ಒಂದೇ ಒಂದು ತುತ್ತು, ಆದರೆ ನಿನ್ನೆ ಎದುರಿನ ಕ್ಷೌರದಂಗಡಿಯಲ್ಲಿ ಕತ್ತರಿ ಹೊಳೆದದ್ದೇ ತಡ ಚಿಮಟವೆಂದುಕೊಂಡು ಬಾಯಿ ತೆರೆದು ಒಳಗೇ ನುಗ್ಗಿತು, ಕ್ಷೌರದವನು ಟವೆಲ್ ಬೀಸಿದ, ಹೋಗಿ ಬಿದ್ದದ್ದು ಮೆಟ್ಟಿಲ ಕೆಳಗೆ, ಬೆಕ್ಕಿನ ಮೂಗಿನ ಮುಂದೆ, ಮಾಮ ಚಪ್ಪಲಿ ಎಸೆಯದಿದ್ದರೆ — ಎದುರಿನ ಮಾಳಿಗೆಯ ಮೇಲೆ ಮೈನಾಗಳ ದಂಡೇ ಇದೆ, ರೆಕ್ಕೆ ಬಲಿತು ಹೊರಗೆ ಬಿಟ್ಟ ಮೇಲೆ ಬಾಯಿಬಡುಕಿಯೂ ಜೊತೆಗೆ ಕೂರುತ್ತದೆ, ಹುಳ ಹೆಕ್ಕುವುದನ್ನು ನೋಡುತ್ತದೆ, ಕಲಿಯುವಷ್ಟರಲ್ಲಿ ಇಲ್ಲಿ ಟಿಕ್ ಟಿಕ್, ಓಡಿ ಬರುತ್ತದೆ, ನೀನು ಕರೆಯೋದು ಬಿಟ್ರೆ ಅದು ಹಕ್ಕಿ, ಇಲ್ದಿದ್ರೆ ಬೆಕ್ಕಿನ ಊಟ, ನೋಡಮ್ಮಾ ನಿನ್ನಿಷ್ಟ, ಅಂದಿದ್ದರು ಮಾಮ.

ಹದಿನಾಲ್ಕನೆಯದು, ಒತ್ತಿದಳು, ಕೂತಿತು, ತಲೆ ಎತ್ತಿದಳು, ಎತ್ತಬಾರದಿತ್ತು, ಗಾಜಿನಾಚೆ ಆ ಬಾಯಿ, ಹಳದಿ ಅಂಚು, ಒಳಗೆ ಕೆಂಪು, ಚಿಮಟ ದೀಪದ ಗಾಜಿನಿಂದ ಒಂದು ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು, ಒಂದು ಟಿಕ್ ಸಾಕು, ಸಂಜೆ ಕೋಣೆಯಲ್ಲಿ ಮತ್ತೆ ಒಂದು ದನಿ, ಪಕ್ಕದಲ್ಲಿ ಮಾಮನ ಪ್ಲಾಸ್ಟರ್ ಕಲಸುವ ಸದ್ದೂ ನಿಂತಿತು, ಚಿಮಟ ಗಾಳಿಯಲ್ಲಿ, ಚಮಚ ಗಾಳಿಯಲ್ಲಿ, ಏಳನೆಯ ಬಾಗಿಲು, ಬಾಯಿ ಕಾಯುತ್ತಿತ್ತು, ಕಾಯುತ್ತಿತ್ತು — ಮುಚ್ಚಿತು. ಕತ್ತು ಓರೆ ಮಾಡಿ ಅವಳನ್ನು ನೋಡಿತು, ಆಮೇಲೆ ಚೌಕಟ್ಟಿನ ಸಂದಿಯನ್ನು, ಅಲ್ಲಿ ಏನೋ ಹರಿದಾಡುತ್ತಿತ್ತು, ಕುಕ್ಕಿತು, ತಪ್ಪಿತು, ಮತ್ತೆ ಕುಕ್ಕಿತು, ನುಂಗಿತು, ತನ್ನಷ್ಟಕ್ಕೆ, ಯಾರೂ ಆ ಅನ್ನು ಎನ್ನದೆ. ತಿಂತು ಕಣಮ್ಮಾ, ತಾನೇ ತಿಂತು! ಮಾಮ ಅಂದದ್ದು ಎಲ್ಲೋ ದೂರದಿಂದ ಕೇಳಿಸಿತು, ರೆಕ್ಕೆ ಗಾಜನ್ನು ಸವರಿ ಎದುರಿನ ಮಾಳಿಗೆಯ ಕಡೆ ಹೋಯಿತು, ಹಕ್ಕಿ ಇದ್ದ ಜಾಗದಲ್ಲಿ ಗಾಜು ಉಳಿಯಿತು, ಗಾಜಿನಲ್ಲಿ ಒಂದು ಮುಖ, ಮುಖದಲ್ಲಿ ಬಾಯಿ, ಅವಳದ್ದೇ, ತುತ್ತು ಕೊಡುವವರ ಬಾಯಿ ತೆರೆಯುವಂತೆ ತೆರೆದದ್ದು, ಇನ್ನೂ ತೆರೆದೇ ಇತ್ತು.